ಯೂರಿಯಾ ಕೆರೆ ಸೇರದಂತೆ ಹಾಕುವ ಹೊತ್ತು: ಮೆಕ್ಕೆಜೋಳದ ಅನುಭವ

ಮಳೆಯಾಶ್ರಿತ ಮೆಕ್ಕೆಜೋಳ, ಇಳಿಜಾರು ಹೊಲ, ಕೆಳಗೆ ಕೆರೆ. ಯೂರಿಯಾ ಎರಚಿದ ಬೆನ್ನಿಗೇ ಜೋರು ಮಳೆ ಬಂದರೆ ಬೆಳೆ ಹಳದಿಯಾಗೇ ಉಳಿಯುತ್ತಿತ್ತು, ಕೆರೆ ಪಾಚಿಗಟ್ಟುತ್ತಿತ್ತು. ಗೊಬ್ಬರ ಹೆಚ್ಚಿಸಲಿಲ್ಲ, ಹಾಕುವ ಹೊತ್ತು, ಹಾಕುವ ರೀತಿ ಬದಲಿಸಿದ ಮೇಲೆ ಸರಿಹೋಯಿತು.

ಯೂರಿಯಾ ನೀರಿನಲ್ಲಿ ಪೂರ್ತಿ ಕರಗುತ್ತದೆ. ಅಮೋನಿಯಂ (ಮಣ್ಣಿಗೆ ಅಂಟುವ ರೂಪ) ಆಗುವವರೆಗೆ ಮಣ್ಣು ಅದನ್ನು ಹಿಡಿದಿಡುವುದಿಲ್ಲ, ಅದಕ್ಕೆ ಕೆಲವು ದಿನ ಬೇಕು. ಅಷ್ಟರೊಳಗೆ ದೊಡ್ಡ ಮಳೆಯಾದರೆ ಹರಿದುಹೋಗುತ್ತದೆ. ಹಾಗಂತ ನೆಲದ ಮೇಲೇ ಬಿಟ್ಟರೆ ಅಮೋನಿಯಾ ಆಗಿ ಗಾಳಿ ಸೇರುತ್ತದೆ.

ಎಕರೆಗೆ 40 ಕೆಜಿ ಸಾರಜನಕ, 20 ರಂಜಕ, 10 ಪೊಟ್ಯಾಷ್ ಲೆಕ್ಕ. ಬಿತ್ತುವಾಗ 50 ಕೆಜಿಯ ಒಂದು ಚೀಲ ಡಿಎಪಿ (ರಂಜಕ, ಸಾರಜನಕ ಎರಡೂ ಇರುವ ಗೊಬ್ಬರ), ಜೊತೆಗೆ ಪೊಟ್ಯಾಷ್, ಸಾಲಿನೊಳಗೆ ಬೀಜಕ್ಕಿಂತ ಕೆಳಗೆ. ರಂಜಕ ಮಣ್ಣಿಗೆ ಅಂಟಿಕೊಂಡು ಮಣ್ಣಿನ ಜೊತೆಗೇ ಕೊಚ್ಚಿಹೋಗುವ ಗೊಬ್ಬರ, ಮೇಲೆ ಎರಚಲೇಬಾರದು. ಡಿಎಪಿಯಲ್ಲೇ 9 ಕೆಜಿ ಸಾರಜನಕ ಬರುತ್ತದೆ (ಇದನ್ನು ಕಳೆಯಲು ಬಹಳ ಜನ ಮರೆಯುತ್ತಾರೆ). ಉಳಿದ 31ಕ್ಕೆ ಯೂರಿಯಾ 67 ಕೆಜಿ, ಅಂದರೆ 45 ಕೆಜಿಯ ಒಂದೂವರೆ ಚೀಲ. ಅರ್ಧ 25–30ನೇ ದಿನ, ಅರ್ಧ ಸೂಲಂಗಿ (ಗಿಡದ ತುದಿಯ ಗಂಡು ಹೂ) ಬರುವ ಮುಂಚೆ.

ದಿನ ನೋಡುವುದಕ್ಕಿಂತ ಹದ ನೋಡುವುದು ಮುಖ್ಯ. ಮಣ್ಣು ಹಿಂಡಿದಾಗ ನೀರು ಜಿನುಗಿದರೆ ಹಾಕಬೇಡಿ. ಹವಾಮಾನ ತಿಳಿಸುವ ಮೇಘದೂತ್ ಆ್ಯಪ್‌ನಲ್ಲಿ ಮುಂದಿನ ಎರಡು-ಮೂರು ದಿನ ಭಾರಿ ಮಳೆ ಇದ್ದರೆ ವಾರ ತಡವಾದರೂ ಕಾಯಿರಿ. ಸಾಲಿನಿಂದ ಎರಡು-ಮೂರು ಇಂಚು ದೂರಕ್ಕೆ ಉದುರಿಸಿ, ಅದೇ ದಿನ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿಸಿ. ಕೆರೆ ಕಡೆಯ ಬದುವಿನ ಹುಲ್ಲನ್ನು ಕೆತ್ತದೆ ಬಿಡಿ, ಅಲ್ಲಿಗೆ ಗೊಬ್ಬರವೂ ಬೇಡ.