ಮನೆಯೂಟಕ್ಕೂ ಮಾರಾಟಕ್ಕೂ ಒಂದೇ ಹೊಂಡ: 200 ಚದರ ಮೀಟರಿನಲ್ಲಿ ಮೀನು ಸಾಕಣೆ

20 ಮೀಟರ್ ಉದ್ದ, 10 ಮೀಟರ್ ಅಗಲದ ಹೊಂಡ ಒಂದು ಕುಟುಂಬ ನೋಡಿಕೊಳ್ಳುವಷ್ಟೇ ದೊಡ್ಡದು. ಇಲ್ಲಿನ ಲೆಕ್ಕವೆಲ್ಲ ಆ ಅಳತೆಗೆ.

ಅಗೆಯುವ ಮೊದಲು ಮಣ್ಣು ನೋಡಿ. ಹಸಿಮಣ್ಣನ್ನು ಉಂಡೆ ಕಟ್ಟಿ ಮೇಲಕ್ಕೆಸೆದು ಹಿಡಿಯಿರಿ. ಉಂಡೆ ಒಡೆದರೆ ಅಲ್ಲಿ ನೀರು ನಿಲ್ಲುವುದು ಅನುಮಾನ. ನೀರಿನ ಆಳ 1ರಿಂದ 1.5 ಮೀಟರ್ ಸಾಕು. ನೀರು ಒಳಬರುವಲ್ಲೂ ಹೊರಹೋಗುವಲ್ಲೂ ಸಣ್ಣ ಕಣ್ಣಿನ ಬಲೆ ಕಟ್ಟಿ. ಇಲ್ಲವಾದರೆ ಮಳೆನೀರಿನ ಜೊತೆ ಮರಿ ತಿನ್ನುವ ಮೀನು ಒಳಗೆ, ನಿಮ್ಮ ಮರಿ ಹೊರಗೆ.

ಹಳೆಯ ಹೊಂಡವಾದರೆ ನೀರು ಬಸಿದು, ತಳ ಬಿರುಕು ಬಿಡುವವರೆಗೆ ಒಣಗಿಸಿ. 5 ಕಿಲೋ ಸುಣ್ಣ ಎರಚಿ. ಹುಳಿಮಣ್ಣಿಗೆ ಇನ್ನೂ ಹೆಚ್ಚು ಬೇಕು. ವಾರ ಬಿಟ್ಟು 40 ಕಿಲೋ ಸಗಣಿ ಹಾಕಿ ನೀರು ತುಂಬಿಸಿ. ಆಮೇಲೆ ತಿಂಗಳಿಗೆ ಸುಮಾರು 15 ಕಿಲೋ, ಅದೂ ಕಂತಿನಲ್ಲಿ.

ನೀರು ತಿಳಿಹಸಿರಾದ ಮೇಲೆಯೇ ಮರಿ ಬಿಡಬೇಕು. ಆ ಹಸಿರಿನಲ್ಲೇ ಮರಿಗಳ ಆಹಾರ ಬೆಳೆಯುತ್ತದೆ. ಅಳೆಯಲು ಕೈಯೇ ಸಾಕು: ತೋಳನ್ನು ನೀರಿಗಿಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮರೆಯಾದರೆ ಸರಿ. ಮಣಿಕಟ್ಟು ದಾಟುತ್ತಲೇ ಮರೆಯಾದರೆ ಗೊಬ್ಬರ ನಿಲ್ಲಿಸಿ.

ಗೆಂಡೆ ಮೀನಿನ ಮರಿ 100 ಮಾತ್ರ: ಕಾಟ್ಲಾ 40, ರೋಹು 30, ಮೃಗಾಲ್ 30. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. 8–10 ಸೆಂಟಿಮೀಟರ್ ಉದ್ದದವನ್ನೇ ಕೇಳಿ ತನ್ನಿ. ಅಗ್ಗವೆಂದು ಚಿಕ್ಕವನ್ನು ತಂದರೆ ಹೆಚ್ಚಿನ ಪಾಲು ಕಪ್ಪೆಗೂ ಹಕ್ಕಿಗೂ ಹೋಗುತ್ತದೆ. ಚೀಲವನ್ನು 15–20 ನಿಮಿಷ ಹೊಂಡದಲ್ಲಿ ತೇಲಿಸಿ, ಸ್ವಲ್ಪ ಸ್ವಲ್ಪ ಹೊಂಡದ ನೀರು ಬೆರೆಸಿ, ಮರಿ ತಾವಾಗಿ ಈಜಿ ಹೋಗಲು ಬಿಡಿ.

ತೌಡು ಮತ್ತು ಕಡಲೆಕಾಯಿ ಹಿಂಡಿ ಸಮಪಾಲು ನೆನೆಸಿ ಉಂಡೆ ಮಾಡಿ, ಬುಟ್ಟಿಯಲ್ಲಿಟ್ಟು ನೀರಿಗಿಳಿಸಿ. ದಿನಕ್ಕೆ ಮೀನಿನ ಒಟ್ಟು ತೂಕದ ಶೇ. 3: ತಲಾ 100 ಗ್ರಾಂ ತೂಗುವ 100 ಮೀನಿಗೆ 300 ಗ್ರಾಂ. ಮೀನು ದೊಡ್ಡದಾದಂತೆ ಶೇ. 2ಕ್ಕೆ ಇಳಿಸಿ. ಹಾಕಿ ಎರಡು ಗಂಟೆ ಕಳೆದರೂ ಬುಟ್ಟಿಯಲ್ಲಿ ಉಳಿದರೆ ನಾಳೆ ಕಡಿಮೆ ಹಾಕಿ. ಮೋಡ ಕವಿದ ದಿನ ಹಾಕಲೇಬೇಡಿ.

ಹೊಂಡ ಕೆಡುವುದು ಹೆಚ್ಚಾಗಿ ಹಸಿವಿನಿಂದಲ್ಲ, ಅತಿ ಉಪಚಾರದಿಂದ. ಕೊಳೆಯುವ ಮೇವು, ಸಗಣಿ, ದಟ್ಟ ಪಾಚಿ ಎಲ್ಲವೂ ರಾತ್ರಿಯಿಡೀ ಆಮ್ಲಜನಕ ಹೀರುತ್ತವೆ. ಹಾಗಾಗಿ ಬೆಳಕು ಹರಿಯುವ ಮುನ್ನ ಒಮ್ಮೆ ಹೊಂಡದ ಬಳಿ ಹೋಗಿ. ಮೀನು ಬಾಯಿ ಮೇಲೆತ್ತಿ ಗುಟುಕರಿಸುತ್ತಿದ್ದರೆ ಮೇವು, ಗೊಬ್ಬರ ಎರಡನ್ನೂ ನಿಲ್ಲಿಸಿ ಹೊಸ ನೀರನ್ನು ಎತ್ತರದಿಂದ ಚಿಮ್ಮಿಸಿ. ಹೊಸ ನೀರಿಲ್ಲದಿದ್ದರೆ ಹೊಂಡದ ನೀರನ್ನೇ ಪಂಪಿನಿಂದ ಎತ್ತಿ ಸುರಿಯಿರಿ.

ಗೆಂಡೆಗಳ ಜೊತೆ ಹೊಂಡದಲ್ಲೇ ಮರಿ ಮಾಡುವ ಸಣ್ಣ ಮೀನೂ ಇರಲಿ. ಬೇರೆ ಮೀನನ್ನು ತಿನ್ನದ ಜಾತಿಯಾಗಿರಬೇಕು, ಅಷ್ಟೆ. ದೊಡ್ಡದು ಸಂತೆಗೆ ಹೋದರೂ ಸಣ್ಣದು ಮನೆಯಲ್ಲೇ ಉಳಿಯುತ್ತದೆ, ತಲೆ ಮುಳ್ಳು ಸಮೇತ ತಿಂದರೆ ಸುಣ್ಣದಂಶ (ಕ್ಯಾಲ್ಸಿಯಂ) ಚೆನ್ನಾಗಿ ಸಿಗುತ್ತದೆ. ಎಳೆಮಕ್ಕಳಿಗೆ ನುಣ್ಣಗೆ ಅರೆದು ಕೊಡಿ. ಹದಿನೈದು ದಿನಕ್ಕೊಮ್ಮೆ ಹಿಡಿಯುತ್ತಿರಿ, ಬಿಟ್ಟರೆ ಗೆಂಡೆಯ ಮೇವಿಗೇ ಪೈಪೋಟಿ.

ಆರೇಳು ತಿಂಗಳಾದ ಮೇಲೆ ಬೆಳೆದ ಗೆಂಡೆಯನ್ನಷ್ಟೇ ಆರಿಸಿ ಹಿಡಿಯಿರಿ, ಉಳಿದವಕ್ಕೆ ಜಾಗ ಸಿಗುತ್ತದೆ. ಹಿಡಿಯುವ ಹಿಂದಿನ ದಿನ ಮೇವು ಬೇಡ. ತಂಪು ಹೊತ್ತಿನಲ್ಲಿ ಬಲೆ ಹಾಕಿ. ವರ್ಷದ ಕೊನೆಗೆ ಹೊಂಡ ಬರಿದಾದಾಗ ತಳದ ಕಪ್ಪು ಕೆಸರನ್ನು ತರಕಾರಿ ಮಡಿಗೆ ಸಾಗಿಸಿ.