ಪಾತ್ರೆ ತೊಳೆದ ನೀರಿನ ಲೆಕ್ಕ

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ದರ್ಶಿನಿ ನಡೆಸುವವರಿಗೆ ಇದಕ್ಕಿಂತ ಒಳ್ಳೆ ಹೊತ್ತು ಇನ್ನೊಂದಿಲ್ಲ. ಅವತ್ತು ಕ್ಯೂ ಫುಟ್‌ಪಾತ್‌ವರೆಗೆ ಬಂದಿತ್ತು. ರಾತ್ರಿ ಜೋರು ಮಳೆ ಬಿದ್ದಿತ್ತು. ಅದೇ ಫುಟ್‌ಪಾತ್ ಪಕ್ಕದ ಮ್ಯಾನ್‌ಹೋಲ್ ಉಕ್ಕಿತು. ಕಪ್ಪು ನೀರು, ಅದರ ಮೇಲೆ ಬಿಳಿ ಬಿಳಿ ಗಟ್ಟಿ. ದೂರದಿಂದ ನೋಡಿದರೆ ಬೆಣ್ಣೆ ತೇಲಿದ ಹಾಗೆ. ಕಾಫಿ ಲೋಟ ಹಿಡಿದು ನಿಂತಿದ್ದವರು ಒಬ್ಬೊಬ್ಬರಾಗಿ ರಸ್ತೆಯ ಆ ಕಡೆಗೆ ಹೋದರು. ಕೆಲವರು ಲೋಟ ವಾಪಸ್ ಕೊಡಲೂ ಬರಲಿಲ್ಲ.

ಮಧ್ಯಾಹ್ನ ಜೆಟ್ಟಿಂಗ್ ಗಾಡಿ ಬಂತು. ಪೈಪಿಗೆ ನೀರು ನುಗ್ಗಿಸಿ ಅವರು ಹೊರಗೆ ತೆಗೆದದ್ದು ತೊಡೆ ಗಾತ್ರದ ಒಂದು ಮುದ್ದೆ. "ಇದು ಇಡೀ ಬೀದಿಯದು ಕಣ್ರೀ" ಅಂತ ನಾನು ವಾದ ಶುರು ಮಾಡಿದೆ. ಗಾಡಿಯವರು ಸಲಿಕೆಯಲ್ಲಿ ಮುದ್ದೆಯನ್ನು ಸೀಳಿ ತೋರಿಸಿದರು. ಒಳಗೆ ಕರಿಬೇವು, ಸಾಸಿವೆ. "ಈ ಬೀದೀಲಿ ಇಷ್ಟು ಒಗ್ಗರಣೆ ಹಾಕೋದು ನೀವೊಬ್ಬರೇ ಸಾರ್" ಅಂದರು. ನಾನು ಬಾಯಿ ಮುಚ್ಚಿಕೊಂಡೆ.

ವಾರದೊಳಗೆ ನೋಟಿಸ್ ಬಂತು. ಅಡುಗೆಮನೆ ನೀರನ್ನು ನೇರವಾಗಿ ಒಳಚರಂಡಿಗೆ ಬಿಡಬಾರದು, ಜಿಡ್ಡು ತೆಗೆದು ಬಿಡಬೇಕು, ಇಲ್ಲದಿದ್ದರೆ ಕನೆಕ್ಷನ್ ತೆಗೆಯುತ್ತೇವೆ ಎಂದು. ಇಪ್ಪತ್ತು ವರ್ಷದಿಂದ ಹೋಟೆಲ್ ಕೆಲಸ ಮಾಡಿದ್ದೇನೆ. ಮೋರಿಗೆ ಏನು ಬಿಡಬಹುದು ಎನ್ನುವುದಕ್ಕೂ ಒಂದು ಪಟ್ಟಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಆ ಪಟ್ಟಿ ಇರುವುದು ಕೇಂದ್ರ ಸರ್ಕಾರದ 1986ರ ಪರಿಸರ ಸಂರಕ್ಷಣೆ ನಿಯಮಗಳ ಆರನೇ ಅನುಸೂಚಿಯಲ್ಲಿ. ಕೊಳಕು ನೀರನ್ನು ಎಲ್ಲಿಗೆ ಬಿಡುತ್ತೀರಿ ಅನ್ನುವುದರ ಮೇಲೆ ಬೇರೆ ಬೇರೆ ಕಾಲಮ್. ನದಿ ಕೆರೆಗೆ ಒಂದು, ಸಾರ್ವಜನಿಕ ಒಳಚರಂಡಿಗೆ ಒಂದು, ಜಮೀನಿಗೆ ಒಂದು, ಸಮುದ್ರಕ್ಕೆ ಒಂದು. ನಮ್ಮ ಕಾಲಮ್ಮಿನಲ್ಲಿ ಲೀಟರಿಗೆ ತೇಲುವ ಕಣ 600 ಮಿಲಿಗ್ರಾಂ ಮೀರಬಾರದು, ಬಿಒಡಿ 350 ಮೀರಬಾರದು, ಎಣ್ಣೆ ಜಿಡ್ಡು 20 ಮೀರಬಾರದು. ಪಿಎಚ್, ಅಂದರೆ ನೀರು ಎಷ್ಟು ಹುಳಿ ಎಷ್ಟು ಕ್ಷಾರ ಅನ್ನುವ ಅಳತೆ, 5.5ರಿಂದ 9ರ ನಡುವೆ ಇರಬೇಕು. ಬಿಒಡಿ ಅಂದರೆ ನೀರಿನಲ್ಲಿರುವ ಕೊಳೆಯನ್ನು ತಿಂದು ಮುಗಿಸಲು ಬ್ಯಾಕ್ಟೀರಿಯಾಕ್ಕೆ ಬೇಕಾಗುವ ಆಮ್ಲಜನಕ. ಅದು ಜಾಸ್ತಿ ಇದ್ದಷ್ಟೂ ನೀರು ಕೊಳಕು.

ಪಕ್ಕದ ಕಾಲಮ್ ನೋಡಿದ ಮೇಲೆ ನನಗೆ ಈ ಪಟ್ಟಿಯ ತಲೆಬುಡ ಗೊತ್ತಾಯಿತು. ನದಿಗೆ ಬಿಡುವುದಾದರೆ ಬಿಒಡಿ 30, ಎಣ್ಣೆ 10. ಅಂದರೆ ಒಳಚರಂಡಿಗೆ ಬಿಡುವವರಿಗೆ ಬಿಒಡಿಯಲ್ಲಿ ಹತ್ತು ಪಟ್ಟಿಗಿಂತ ಜಾಸ್ತಿ ರಿಯಾಯಿತಿ. ಎಣ್ಣೆಯಲ್ಲಿ ಬರೀ ಎರಡು ಪಟ್ಟು. ಯಾಕೆ ಹೀಗೆ? ಅನ್ನ, ಬೇಳೆ, ಹಿಟ್ಟಿನ ನೀರು ಕೊನೆಗೆ ಶುದ್ಧೀಕರಣ ಘಟಕ ತಲುಪುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಅದನ್ನು ತಿನ್ನುತ್ತದೆ. ಎಣ್ಣೆ ಎಲ್ಲವೂ ಅಲ್ಲಿಯವರೆಗೆ ಹೋಗುವುದಿಲ್ಲ, ದಾರಿಯಲ್ಲೇ ಪೈಪಿಗೆ ಅಂಟಿಕೊಂಡು ಕೂರುತ್ತದೆ. ಪಾದರಸದ ಸಾಲಿನಲ್ಲಂತೂ ರಿಯಾಯಿತಿಯೇ ಇಲ್ಲ, ನದಿಗೂ ಒಳಚರಂಡಿಗೂ 0.01. ಅದನ್ನು ತಿನ್ನುವ ಬ್ಯಾಕ್ಟೀರಿಯಾ ಯಾವುದೂ ಇಲ್ಲವಲ್ಲ. ಲೋಹಗಳ ತಲೆನೋವು ಪೀಣ್ಯದ ಪ್ಲೇಟಿಂಗ್ ಶಾಪ್‌ನವರದು, ನಾನು ಆ ಸಾಲುಗಳನ್ನು ದಾಟಿಬಿಟ್ಟೆ.

ಕೆಳಗೆ ಒಂದು ಅಡಿಟಿಪ್ಪಣಿಯೂ ಇದೆ. ಆ ಒಳಚರಂಡಿಯ ಕೊನೆಗೆ ಜೈವಿಕ ಶುದ್ಧೀಕರಣ ಇದ್ದರೆ ಮಾತ್ರ ಈ ರಿಯಾಯಿತಿ. ಇಲ್ಲದಿದ್ದರೆ ನೀವು ನದಿಗೇ ಬಿಟ್ಟಂತೆ ಲೆಕ್ಕ.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ನೋಟಿಸ್ ಬಂದ ಮೂರನೇ ದಿನಕ್ಕೆ ನೀರಿನ ಜಿಡ್ಡು ತಡೆಯುವ ಸ್ಟೀಲಿನ ಗ್ರೀಸ್ ಟ್ರ್ಯಾಪ್ ತಂದು ಸಿಂಕ್ ಕೆಳಗೆ ಕೂರಿಸಿದೆ. 60 ಲೀಟರ್ ಹಿಡಿಯುವ ಡಬ್ಬ. ಮಾರಿದವರು ಎಲ್ಲ ಹೋಟೆಲಿಗೂ ಇದೇ ಸಾಕು ಅಂದಿದ್ದರು. ಒಂದು ತಿಂಗಳು ಬಿಟ್ಟು ನೀರನ್ನು ಲ್ಯಾಬಿಗೆ ಕೊಟ್ಟೆ. ಎಣ್ಣೆ 140 ಅಂತ ಬಂತು. (ಸ್ಯಾಂಪಲ್ ಕೊಡುವವರು ನೆನಪಿಡಿ, ಎಣ್ಣೆ ಪರೀಕ್ಷೆಗೆ ಗಾಜಿನ ಬಾಟಲಿಯೇ ಬೇಕು. ಪ್ಲಾಸ್ಟಿಕ್ ಬಾಟಲಿಯ ಗೋಡೆಗೆ ಜಿಡ್ಡು ಅಂಟಿಕೊಂಡು ಲೆಕ್ಕ ಕಡಿಮೆ ತೋರಿಸುತ್ತದೆ. ಖುಷಿ ಪಡಬೇಡಿ, ಅದು ಸುಳ್ಳು.)

ಟ್ರ್ಯಾಪ್ ಕೆಲಸ ಮಾಡುವ ರೀತಿ ಬಹಳ ಸುಲಭ. ನೀರು ನಿಧಾನವಾಗಿ ಸಾಗಬೇಕು, ತಣ್ಣಗಾಗಬೇಕು. ಆಗ ಎಣ್ಣೆ ಮೇಲೆ ಬರುತ್ತದೆ, ಅನ್ನದ ಅಗುಳು ಕೆಳಗೆ ಕೂರುತ್ತದೆ, ನಡುವಿನ ನೀರು ಮಾತ್ರ ಹೊರಗೆ ಹೋಗುತ್ತದೆ. ಇದಕ್ಕೆ ಸುಮಾರು ಅರ್ಧ ಗಂಟೆ ಬೇಕು. ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ನಮ್ಮ ಪಾತ್ರೆ ತೊಳೆಯುವ ಕಡೆಯಿಂದ ನಿಮಿಷಕ್ಕೆ ಸುಮಾರು 15 ಲೀಟರ್ ನೀರು ಹೋಗುತ್ತದೆ, ಬಕೆಟ್ ಇಟ್ಟು ಅಳೆದೆ. 60 ಲೀಟರಿನ ಡಬ್ಬದಲ್ಲಿ ಆ ನೀರು ನಿಲ್ಲುವುದು ಬರೀ ನಾಲ್ಕು ನಿಮಿಷ. ಅದೂ ಬಿಸಿ ನೀರು, ಸೋಪಿನ ನೀರು. ಜಿಡ್ಡು ಕರಗಿ ನೀರಿನ ಜೊತೆಯೇ ಡಬ್ಬ ದಾಟಿ, ಬೀದಿಯ ಪೈಪಿನಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತಿತ್ತು. ಜೊತೆಗೆ ನಮ್ಮದು ಬೋರ್‌ವೆಲ್ ಗಡಸು ನೀರು. ಅದರ ಕ್ಯಾಲ್ಸಿಯಂ ಜಿಡ್ಡಿನ ಜೊತೆ ಸೇರಿದರೆ ಗಟ್ಟಿ ಸೋಪಿನಂಥ ವಸ್ತು ಆಗುತ್ತದೆ. ಬಿಸಿ ನೀರು ಹೊಯ್ದರೂ ಅದು ಕರಗುವುದಿಲ್ಲ. ಸಲಿಕೆಯಲ್ಲಿ ಸೀಳಿದ ಮುದ್ದೆ ಅದೇ.

ಇದರ ನಡುವೆ ಒಬ್ಬರು ಪುಡಿ ಮಾರಲು ಬಂದರು. ರಾತ್ರಿ ಸಿಂಕಿಗೆ ಹಾಕಿದರೆ ಜಿಡ್ಡೆಲ್ಲ ಮಾಯ ಅಂತೆ. ನಾಲ್ಕು ದಿನ ಹಾಕಿದೆ. ನನ್ನ ಸಿಂಕಿನಲ್ಲಿ ಮಾಯವಾದದ್ದು ಮುಂದಿನ ಮನೆಯವರ ಚೇಂಬರಿನಲ್ಲಿ ಕಾಣಿಸಿಕೊಂಡಿತು. ಕಾಸ್ಟಿಕ್ ಸೋಡಾ ಹೊಯ್ಯುವ ಅಭ್ಯಾಸ ನಮ್ಮಲ್ಲೂ ಇತ್ತು. ಅದರಿಂದ ಪಿಎಚ್ ಸುಲಭವಾಗಿ 9 ದಾಟುತ್ತದೆ, ಅದೂ ನಿಯಮಕ್ಕೆ ವಿರುದ್ಧವೇ.

ಕೊನೆಗೆ ಹಿಂದಿನ ಓಣಿಯಲ್ಲಿ, ನೆರಳಿರುವ ಕಡೆ, ಇಟ್ಟಿಗೆ ಸಿಮೆಂಟಿನಲ್ಲಿ ಮೂರು ಖಾನೆಯ ಚೇಂಬರ್ ಕಟ್ಟಿಸಿದೆ. ನೀರು ನಿಲ್ಲುವ ಅಳತೆ ಐದು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ. ಸುಮಾರು 560 ಲೀಟರ್. ಈಗ ನೀರಿಗೆ ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿಯೇ ಸಿಗುತ್ತದೆ. ಎರಡು ಅಡಿಗಿಂತ ಆಳ ಮಾಡಲಿಲ್ಲ, ಮೇಲೆ ಪೂರ್ತಿ ತೆಗೆಯುವ ಮುಚ್ಚಳ ಇಟ್ಟೆ. ಯಾರೂ ಒಳಗೆ ಇಳಿಯುವ ಪ್ರಶ್ನೆಯೇ ಬರಬಾರದು ಅಂತ. ಮ್ಯಾನ್‌ಹೋಲ್ ಉಕ್ಕಿದ್ದ ದಿನ ಒಬ್ಬ ಕಾಂಟ್ರಾಕ್ಟರ್ "ಹುಡುಗನ್ನ ಇಳಿಸ್ತೀನಿ, ಹತ್ತು ನಿಮಿಷದ ಕೆಲಸ" ಅಂದಿದ್ದ. ಕೊಳೆತ ಜಿಡ್ಡಿನ ಕೆಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಜೀವ ಹೋಗಲು ಹತ್ತು ನಿಮಿಷವೂ ಬೇಡ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಹಾಗೆ ಇಳಿಸುವುದು ಅಪರಾಧ. 2023ರಲ್ಲಿ ಸುಪ್ರೀಂ ಕೋರ್ಟ್ ಒಳಚರಂಡಿ ಸಾವಿಗೆ ಪರಿಹಾರವನ್ನು 30 ಲಕ್ಷಕ್ಕೆ ಏರಿಸಿದೆ. ಅವನನ್ನು ಅವತ್ತು ವಾಪಸ್ ಕಳಿಸಿದ್ದು ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ.

ಅಗೆಯುವಾಗ ಇನ್ನೊಂದು ವಿಷಯ ಗೊತ್ತಾಯಿತು. ಟೆರೇಸಿನ ಮಳೆನೀರಿನ ಪೈಪನ್ನು ಕಟ್ಟಡ ಕಟ್ಟಿದವರು ಇದೇ ಲೈನಿಗೆ ಸೇರಿಸಿದ್ದರು. ಬೆಂಗಳೂರಿನಲ್ಲಿ ಮಳೆನೀರನ್ನು ಒಳಚರಂಡಿಗೆ ಬಿಡುವ ಹಾಗಿಲ್ಲ. ಒಂದು ಜೋರು ಮಳೆ ಬಂದರೆ ಪೈಪಿನಲ್ಲಿ ಕೂತಿದ್ದ ಜಿಡ್ಡೆಲ್ಲ ಒಂದೇ ಸಲ ಬೀದಿಗೆ ಓಡುತ್ತದೆ. ಆ ಭಾನುವಾರದ ಹಿಂದಿನ ರಾತ್ರಿಯ ಮಳೆ ನೆನಪಾಯಿತು. ಆ ಪೈಪ್ ಕತ್ತರಿಸಿ ಇಂಗುಗುಂಡಿಗೆ ತಿರುಗಿಸಿದೆ.

ಹೊಸ ಚೇಂಬರ್ ಆದ ಮೇಲೆ ಪರೀಕ್ಷೆ ಮಾಡಿಸಿದರೆ 48 ಬಂತು. ಇನ್ನೂ ಎರಡು ಪಟ್ಟಿಗಿಂತ ಜಾಸ್ತಿ! ಇಷ್ಟು ಖರ್ಚು ಮಾಡಿ ಹೀಗಾದರೆ ಏನು ಮಾಡೋದು ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಪಾತ್ರೆ ತೊಳೆಯುವ ರಾಯಚೂರು ಕಡೆಯ ಹುಡುಗ "ಅಣ್ಣಾ, ಬಾಣಲಿ ಬಿಸಿ ಇದ್ದಾಗ್ಲೇ ನಳದ ಕೆಳಗೆ ಇಡ್ತೀವಿ, ಎಣ್ಣಿ ಎಲ್ಲಾ ಹಂಗೇ ಹೋಗ್ತೈತಿ. ಆರಾಕ ಬಿಟ್ರ ಕೆರೀಬಹುದು" ಅಂದ. ಅದೇ ಸರಿ. ಈಗ ವಡೆ ಬಾಣಲೆ, ಸಾಗು ಪಾತ್ರೆ, ಸಾಂಬಾರ್ ಡಬರಿ ಎಲ್ಲವನ್ನೂ ಕಾಲು ಗಂಟೆ ಡಬ್ಬದ ಮೇಲೆ ಓರೆಯಾಗಿ ಬೋರಲು ಹಾಕುತ್ತೇವೆ. ಆಮೇಲೆ ಸವುಟಿನಿಂದ ಕೆರೆದು ಹಸಿ ಕಸಕ್ಕೆ. ಅದಾದ ಮೇಲೆಯೇ ನಲ್ಲಿ. ಮೂರನೇ ಪರೀಕ್ಷೆಯಲ್ಲಿ 17.

ಹುಡುಗರಿಗೆ ಇದನ್ನು ಒಪ್ಪಿಸಲು ನಾನು ಗೋಡೆ ಮೇಲೆ ಒಂದು ಲೆಕ್ಕ ಬರೆದಿದ್ದೇನೆ. ಒಂದು ಲೀಟರ್ ಎಣ್ಣೆ ಸುಮಾರು 900 ಗ್ರಾಂ. ಅದನ್ನು ನೀರು ಸೇರಿಸಿ ಲೀಟರಿಗೆ 20 ಮಿಲಿಗ್ರಾಂಗೆ ಇಳಿಸಬೇಕಾದರೆ 45,000 ಲೀಟರ್ ನೀರು ಬೇಕು. 6,000 ಲೀಟರಿನ ಟ್ಯಾಂಕರ್ ಆದರೆ ಏಳೂವರೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಇದಕ್ಕಿಂತ ಬೇರೆ ಪಾಠ ಬೇಡ. ಒಡೆದ ಹಾಲಿನದೂ ಇದೇ ಕಥೆ. ಒಂದು ಲೀಟರ್ ಹಾಲಿನ ಬಿಒಡಿ ಸುಮಾರು 1 ಲಕ್ಷ ಮಿಲಿಗ್ರಾಂ. ನೋಡಲು ಬೆಳ್ಳಗಿದೆ, ಮೋರಿಗೆ ಮಾತ್ರ ಬಹಳ ಕೊಳಕು. ಈಗ ಅದನ್ನು ಸಿಂಕಿಗೆ ಸುರಿಯುವುದಿಲ್ಲ, ಗೊಬ್ಬರದ ಡ್ರಮ್ಮಿಗೆ ಹಾಕುತ್ತೇವೆ.

ಕರಿದು ಮಿಕ್ಕ ಎಣ್ಣೆಯನ್ನು ಬಯೋಡೀಸೆಲ್‌ಗೆ ಒಯ್ಯುವವರಿಗೆ ಕೊಡುತ್ತೇವೆ. 2018ರ ಜುಲೈ 1ರಿಂದ ಎಣ್ಣೆಯ ಪೋಲಾರ್ ಅಂಶ, ಅಂದರೆ ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ವಸ್ತು, ಶೇ. 25 ಮೀರಿದರೆ ಬಳಸುವಂತಿಲ್ಲ. ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಬಳಸುವವರು ಲೆಕ್ಕದ ಪುಸ್ತಕವನ್ನೂ ಇಡಬೇಕು. ನಮ್ಮದು ಅಷ್ಟಿಲ್ಲ, ಆದರೂ ಬರೆದಿಡುತ್ತೇನೆ. ಆ ಎಣ್ಣೆಯನ್ನು ಜಾಸ್ತಿ ದುಡ್ಡಿಗೆ ಕೇಳುವವರೂ ಬರುತ್ತಾರೆ. ಅವರು ಅದರಲ್ಲಿ ಏನು ಕರಿಯುತ್ತಾರೋ ಅಂತ ನೆನೆದು ಕೊಡುವುದಿಲ್ಲ.

ಚೇಂಬರಿನಲ್ಲಿ ಮೇಲಿನ ಜಿಡ್ಡು, ಕೆಳಗಿನ ಕೆಸರು ಸೇರಿ ಆಳದ ಕಾಲು ಭಾಗ ಆದರೆ ತೆಗೆಯಬೇಕು. ನಮಗೆ ಅದು ಆರು ಇಂಚು. ಒಂದು ಕೋಲಿಗೆ ಗುರುತು ಹಾಕಿಟ್ಟಿದ್ದೇವೆ. ಸೋಮವಾರ ಬೆಳಗಿನ ಜಾವ, ಇಡ್ಲಿ ಪಾತ್ರೆ ಒಲೆಗೇರುವ ಮೊದಲು, ಮುಚ್ಚಳ ತೆಗೆದು ಮೇಲಿನಿಂದಲೇ ಜಿಡ್ಡು ತೆಗೆಯುತ್ತೇವೆ. ವಾಸನೆಗೆ ಅಭ್ಯಾಸ ಆಗಿದೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ನಮ್ಮ ಬೀದಿಯ ನೀರು ಹೋಗುವುದು ಕೋರಮಂಗಲ ಚಲ್ಲಘಟ್ಟ ಕಣಿವೆಗೆ. ಅಲ್ಲಿ ಶುದ್ಧವಾದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ, ಅಂತರ್ಜಲ ಏರಲಿ ಅಂತ. ನಮ್ಮ ಸಾಂಬಾರಿನ ಟೊಮೆಟೊ ಬರುವುದೂ ಕೋಲಾರದಿಂದಲೇ. ಇದನ್ನು ಯೋಚಿಸಿದಾಗ ಆ ಕರಿಬೇವಿನ ಮುದ್ದೆ ನೆನಪಾಗಿ ನಗು ಬರುತ್ತದೆ, ಸ್ವಲ್ಪ ನಾಚಿಕೆಯೂ ಆಗುತ್ತದೆ.

ಯುಗಾದಿ ವಾರ ಒಬ್ಬಟ್ಟು ಮಾಡಿದಾಗ ಪರೀಕ್ಷೆ ಮತ್ತೆ 26 ತೋರಿಸಿತು. ತುಪ್ಪ. ಹಬ್ಬದ ವಾರ ಎರಡು ಸಲ ಜಿಡ್ಡು ತೆಗೆಯುತ್ತೇವೆ, ಆದರೂ ನನಗೆ ಪೂರ್ತಿ ನಂಬಿಕೆ ಬಂದಿಲ್ಲ. ಮೊನ್ನೆ ಪಕ್ಕದ ಬೇಕರಿಯವರಿಗೂ ನೋಟಿಸ್ ಬಂತಂತೆ. "ಎಷ್ಟು ಲೀಟರಿನ ಟ್ರ್ಯಾಪ್ ತರಲಿ?" ಅಂತ ಕೇಳಿದರು. ಮೊದಲು ಒಂದು ಬಕೆಟ್, ಒಂದು ವಾಚ್ ತನ್ನಿ ಅಂದೆ.