ಮೊದಲು ಕೇಳಿ, ಆಮೇಲೆ ಕ್ಲಿಕ್ಕಿಸಿ: ಮೂರು ನಿಮಿಷದ ಫೋಟೋ-ಧ್ವನಿ ಕಥೆ ಮಾಡುವುದು ಹೇಗೆ?

ಅಘನಾಶಿನಿ ನದಿಯಲ್ಲಿ ನೀರು ಇಳಿದ ಹೊತ್ತು. ಅಕ್ಕ ಒಬ್ಬರು ಸೊಂಟದವರೆಗಿನ ನೀರಲ್ಲಿ ನಿಂತು ಕಾಲಲ್ಲೇ ಕೆಸರು ತಡಕುತ್ತಾರೆ. ಕಣ್ಣು ಎಲ್ಲೋ ದೂರದಲ್ಲಿ. ಹೆಬ್ಬೆರಳಿಗೆ ಏನೋ ಗಟ್ಟಿ ಸಿಕ್ಕಿದ ಕೂಡಲೇ ಬಗ್ಗಿ ಕೈ ಹಾಕುತ್ತಾರೆ. ಬಳಚು ಎಂಬ ಚಿಪ್ಪುಮೀನು ಬುಟ್ಟಿಗೆ ಬೀಳುತ್ತದೆ. ಟಕ್.

ಆ ‘ಟಕ್’ ಯಾವ ಫೋಟೋದಲ್ಲೂ ಬರುವುದಿಲ್ಲ. ಅದಕ್ಕೇ ಮಲ್ಟಿಮೀಡಿಯಾ ಕಥೆ ಬೇಕು. ಫೋಟೋ, ಮಾತು, ಸುತ್ತಲಿನ ಸದ್ದು, ಬೇಕಿದ್ದರೆ ಒಂದೆರಡು ವಿಡಿಯೋ ತುಣುಕು. ಇಷ್ಟನ್ನೂ ಹೊಂದಿಸಿ ಒಬ್ಬರ ಬದುಕಿನ ನಿಜ ಕಥೆ ಹೇಳುವುದು. ನಾನು ಫೋಟೋ ಜರ್ನಲಿಸಂ ವಿದ್ಯಾರ್ಥಿ, ಊರು ಕುಮಟಾ ಕಡೆ. ಈವರೆಗೆ ಇಂಥ ಮೂರು ಕಥೆ ಮಾಡಿದ್ದೇನೆ. ಅದರಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಒಳ್ಳೆಯ ಮೊಬೈಲ್ ಇದ್ದರೆ ಸಾಕು, ನೀವೂ ಮಾಡಬಹುದು.

ವಿಷಯ ಬಿಡಿ, ಒಬ್ಬರನ್ನು ಹಿಡಿಯಿರಿ

ಅಘನಾಶಿನಿ ಕಡಲು ಸೇರುವ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶ ಎಂಬ ಮಾನ್ಯತೆ ಸಿಕ್ಕಿತು. ಆ ಸುದ್ದಿ ಓದಿದ ದಿನವೇ ನದಿಯ ಮೇಲೆ ಕಥೆ ಮಾಡಬೇಕು ಅನಿಸಿತು. ಆದರೆ ಇಡೀ ನದಿಯನ್ನು ಮೂರು ನಿಮಿಷದಲ್ಲಿ ಹೇಳಲು ಆಗುತ್ತದಾ? ಆ ನದಿಯಲ್ಲಿ ಬಳಚು ತೆಗೆದು ಮನೆ ನಡೆಸುವ ಒಬ್ಬ ಅಕ್ಕನ ಒಂದು ಬೆಳಗು ಅಂದರೆ ಹೇಳಬಹುದು. ಒಬ್ಬ ವ್ಯಕ್ತಿ, ಒಂದು ಕೆಲಸ, ನಿಮ್ಮನ್ನು ಕಾಡುವ ಒಂದು ಪ್ರಶ್ನೆ. ಇವನ್ನು ಒಂದೇ ಸಾಲಲ್ಲಿ ಬರೆಯಲು ಆಗುವವರೆಗೆ ಶೂಟಿಂಗ್‌ಗೆ ಹೊರಡಬೇಡಿ.

ಮೊದಲ ಭೇಟಿಗೆ ಕ್ಯಾಮೆರಾ ಬೇಡ

ಮೊದಲೆರಡು ಸಲ ಬರಿಗೈಯಲ್ಲಿ ಹೋಗಿ. ಯಾರು, ಏನು ಓದುತ್ತಿದ್ದೀರಿ, ಈ ಕಥೆಯನ್ನು ಎಲ್ಲೆಲ್ಲಿ ತೋರಿಸುತ್ತೀರಿ ಎಂದು ನೇರವಾಗಿ ಹೇಳಿ. “ನಮ್ಮ ಫೋಟೋ ತೆಗ್ದು ನಿಂಗೆ ಎಂತ ಸಿಗ್ತದೆ ತಂಗಿ?” ಎಂದು ಅಕ್ಕ ಕೇಳಿದರು. ಇದು ನ್ಯಾಯವಾದ ಪ್ರಶ್ನೆ. ಪರೀಕ್ಷೆಗೆ ಮಾರ್ಕ್ಸ್ ಸಿಗುತ್ತದೆ, ದುಡ್ಡು ಸಿಗುವುದಿಲ್ಲ ಎಂದು ಇದ್ದದ್ದನ್ನೇ ಹೇಳಿದೆ. ಒಪ್ಪಿದರು. ಒಪ್ಪದಿದ್ದರೆ ವಾಪಸ್ ಬರಬೇಕಿತ್ತು, ಅಷ್ಟೇ.

ಅವರ ಕೆಲಸದ ಹೊತ್ತನ್ನೂ ಆಗಲೇ ತಿಳಿದುಕೊಳ್ಳಿ. ಬಳಚು ತೆಗೆಯುವವರಿಗೆ ಗಡಿಯಾರಕ್ಕಿಂತ ನೀರಿನ ಲೆಕ್ಕ ಮುಖ್ಯ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಇಳಿಯುತ್ತದೆ. ಇದು ಗೊತ್ತಿಲ್ಲದೆ ನಿನ್ನೆಯ ಹೊತ್ತಿಗೇ ಹೋದರೆ ನಿಮ್ಮ ಬೆಳಕಿನ ಲೆಕ್ಕವೆಲ್ಲ ತಪ್ಪುತ್ತದೆ. ದೋಣಿಯವರ ಕಥೆ ಮಾಡುವುದಾದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದು ನೆನಪಿರಲಿ. ಬಲೆ ರಿಪೇರಿಯ ಕಥೆಗಾದರೆ ಅದೇ ಒಳ್ಳೆಯ ಕಾಲ.

ಧ್ವನಿ

ನನ್ನ ಮೊದಲ ಕಥೆ ಕಾರವಾರದ ಬೈತಖೋಲ ಬಂದರಿನದು. 600 ಫೋಟೋ ತೆಗೆದೆ. ದೋಣಿಯವರೊಬ್ಬರು ದಕ್ಕೆಯ ಮೇಲೆ ಕುಳಿತು 40 ನಿಮಿಷ ಮನಸ್ಸು ಬಿಚ್ಚಿ ಮಾತಾಡಿದರು. ಮನೆಗೆ ಬಂದು ಕೇಳಿದರೆ ಬರೀ ಗಾಳಿಯ ಬುಸುಬುಸು. ಹೆಡ್‌ಫೋನ್ ಹಾಕಿರಲಿಲ್ಲ. ಇನ್ನೊಮ್ಮೆ ಹೋದಾಗ ಅವರು ಅದನ್ನೇ ಮತ್ತೆ ಹೇಳಿದರು, ಆದರೆ ಮೊದಲ ಸಲದ ಆ ಉಸಿರು ಮಾತಿನಲ್ಲಿ ಇರಲಿಲ್ಲ. ಆ ನಷ್ಟ ನನಗೆ ಈಗಲೂ ನೋವು ಕೊಡುತ್ತದೆ. ನೋಡುವವರು ಮಂಕಾದ ಫೋಟೋವನ್ನು ಸಹಿಸಿಕೊಳ್ಳುತ್ತಾರೆ, ಕೇಳಿಸದ ಮಾತನ್ನು ಸಹಿಸುವುದಿಲ್ಲ.

ಹಾಗಾಗಿ ಮಾತನ್ನು ಮನೆಯೊಳಗೆ ರೆಕಾರ್ಡ್ ಮಾಡಿ. ಬಟ್ಟೆ, ಚಾಪೆ, ಹಾಸಿಗೆ ಇರುವ ಕೋಣೆಯಲ್ಲಿ ಸದ್ದು ಪ್ರತಿಧ್ವನಿಸುವುದಿಲ್ಲ. ಫ್ಯಾನ್ ನಿಲ್ಲಿಸಿ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಕಾಲರ್ ಮೈಕ್ ಇದ್ದರೆ ಎದೆಯ ಹತ್ತಿರ ಸಿಕ್ಕಿಸಿ, ಸೆರಗು ಉಜ್ಜದ ಹಾಗೆ ನೋಡಿಕೊಳ್ಳಿ. ಮೈಕ್ ಇಲ್ಲದಿದ್ದರೆ ಮೊಬೈಲನ್ನೇ ಬಾಯಿಂದ ಒಂದು ಗೇಣು ದೂರದಲ್ಲಿ ಇಡಿ. ರೆಕಾರ್ಡಿಂಗ್ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಫೈಲ್ ವೇವ್ (WAV) ಮಾದರಿಯಲ್ಲಿ, ಸ್ಯಾಂಪಲ್ ರೇಟ್ 48 ಕಿಲೋಹರ್ಟ್ಸ್‌ನಲ್ಲಿ ಇರಲಿ. ಹೊರಗೆ ಮೈಕಿಗೆ ಸ್ಪಂಜಿನ ಟೋಪಿ ಸಾಲದು, ತುಪ್ಪಳದ ಟೋಪಿ ಬೇಕು. ಕಡಲ ಗಾಳಿ ಅಂಥದ್ದು.

“ಈ ಕೆಲಸ ಕಷ್ಟಾನಾ?” ಎಂದು ಕೇಳಿದರೆ “ಹೌದು” ಅನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯಿತು. “ಮೊದಲ ಸಲ ನೀರಿಗೆ ಇಳಿದ ದಿನ ಏನಾಯ್ತು ಹೇಳಿ” ಎನ್ನಿ. ಉತ್ತರ ಮುಗಿಯಿತು ಅನಿಸಿದ ಮೇಲೂ ಸ್ವಲ್ಪ ಹೊತ್ತು ಸುಮ್ನಿರಿ. ಅಕ್ಕ ತಾಯಿಯ ಜೊತೆ ನೀರಿಗೆ ಇಳಿದದ್ದನ್ನು ಹೇಳಿ ನಿಲ್ಲಿಸಿದರು. ನಾನು ಬಾಯಿ ತೆರೆಯಲಿಲ್ಲ. ಒಂದು ನಿಟ್ಟುಸಿರು. ಆಮೇಲೆ, “ಈಗ ಕಾಲು ಕೆಸರಿಗೆ ತಾಗಿದ್ರೆ ಅಮ್ಮನೇ ನೆನಪಾಗ್ತದೆ” ಎಂದರು. ನನ್ನ ಕಥೆ ಶುರುವಾಗುವುದೇ ಆ ಮಾತಿನಿಂದ. ನಡುವೆ “ಹೂಂ, ಹೌದಾ” ಅಂದಿದ್ದರೆ ಅದು ಕೈ ತಪ್ಪುತ್ತಿತ್ತು. ತಲೆಯಾಡಿಸಿ, ಸಾಕು.

ಇನ್ನು ಸುತ್ತಲಿನ ಸದ್ದು. ಬುಟ್ಟಿಯನ್ನು ನೀರಲ್ಲಿ ಅಲ್ಲಾಡಿಸಿ ಬಳಚು ತೊಳೆಯುವ ಸದ್ದು, ತದಡಿ ಬಂದರಿನಿಂದ ಬರುವ ದೋಣಿಯ ಇಂಜಿನ್, ಒಲೆಯ ಮೇಲೆ ಚಿಪ್ಪು ಬಾಯಿ ಬಿಡುವಾಗಿನ ಸಣ್ಣ ಸದ್ದು. ಒಂದೊಂದನ್ನೂ ಬೇರೆ ಬೇರೆಯಾಗಿ, ಒಂದು ನಿಮಿಷಕ್ಕೆ ಕಡಿಮೆ ಇಲ್ಲದಂತೆ ಹಿಡಿಯಿರಿ. ಮಾತಾಡಿದ ಕೋಣೆಯ ಮೌನವನ್ನೂ 30 ಸೆಕೆಂಡ್ ರೆಕಾರ್ಡ್ ಮಾಡಿ. ಮಾತಿನ ತುಂಡುಗಳನ್ನು ಜೋಡಿಸುವಾಗ ನಡುವಿನ ಸಂದು ತುಂಬಲು ಅದು ಬೇಕೇ ಬೇಕು.

ಫೋಟೋ

ಇದನ್ನು ಬೇಗ ಹೇಳಿಬಿಡುತ್ತೇನೆ. ದೂರದಿಂದ ಜಾಗ, ನಡುವಿನಿಂದ ಮನುಷ್ಯ, ಹತ್ತಿರದಿಂದ ಕೈ-ಕಾಲು-ಬುಟ್ಟಿ. ಒಂದೊಂದು ಕೆಲಸವನ್ನೂ ಈ ಮೂರು ರೀತಿಯಲ್ಲಿ ತೆಗೆಯಿರಿ. ನೀರಿನ ಹೊಳಪಿನಿಂದ ಮುಖ ಕಪ್ಪಾಗುತ್ತದೆ, ಎಕ್ಸ್‌ಪೋಶರ್ ಸ್ವಲ್ಪ ಏರಿಸಿ. ಉಪ್ಪುಗಾಳಿಗೆ ಲೆನ್ಸ್ ಮಂಜಾಗುತ್ತದೆ, ಆಗಾಗ ಒರೆಸಿ. “ಇನ್ನೊಂದು ಸಲ ಹಾಗೇ ಮಾಡಿ ಅಕ್ಕಾ” ಎಂದು ಮಾತ್ರ ಕೇಳಬೇಡಿ. ನಾಳೆಯೂ ಅವರು ಅದೇ ಕೆಲಸ ಮಾಡುತ್ತಾರೆ, ನಾಳೆಯೂ ಹೋಗಿ. ಕಾರವಾರದಲ್ಲಿ ನೌಕಾನೆಲೆ ಇದೆ, ಅನುಮತಿ ಇಲ್ಲದೆ ಡ್ರೋನ್ ಹಾರಿಸಬೇಡಿ.

ಜೋಡಣೆ

ಮೊದಲು ಫೋಟೋ ಫೋಲ್ಡರ್ ತೆರೆಯಬೇಡಿ. ಮಾತನ್ನು ಪೂರ್ತಿ ಕೇಳಿ ಕಾಗದದ ಮೇಲೆ ಬರೆದುಕೊಳ್ಳಿ. ಬೇಕಾದ ಸಾಲುಗಳನ್ನು ಕತ್ತರಿಸಿ ನೆಲದ ಮೇಲೆ ಹಿಂದೆ ಮುಂದೆ ಮಾಡಿ ಜೋಡಿಸಿ. ಹಳೆಯ ಪದ್ಧತಿ, ಆದರೆ ನನಗೆ ಕಂಪ್ಯೂಟರ್‌ಗಿಂತ ಇದೇ ಒಳ್ಳೆಯದು. ಆಮೇಲೆ ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಧ್ವನಿ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಮೂರು ನಿಮಿಷದ ಧ್ವನಿ ಸಿದ್ಧಮಾಡಿ. ಕಣ್ಣು ಮುಚ್ಚಿ ಕೇಳಿದರೂ ಕಥೆ ತಿಳಿಯಬೇಕು. ತಿಳಿದರೆ ಮಾತ್ರ ಫೋಟೋ ಕೂರಿಸಿ. ಒಂದಕ್ಕೆ 5 ಸೆಕೆಂಡ್ ಹಿಡಿದರೆ ಮೂರು ನಿಮಿಷಕ್ಕೆ 36 ಫೋಟೋ. ಇದಕ್ಕೆ ಡಾವಿಂಚಿ ರಿಸಾಲ್ವ್ ಎಂಬ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಸಾಕು. ಅಕ್ಕ “ಬುಟ್ಟಿ” ಎಂದಾಗ ಬುಟ್ಟಿಯನ್ನೇ ತೋರಿಸಬೇಕಾಗಿಲ್ಲ. ಅಮ್ಮನ ಮಾತು ಬಂದಾಗ ನಾನು ಹಾಕಿದ್ದು ಕೆಸರಲ್ಲಿ ಮೂಡಿದ ಹೆಜ್ಜೆಯ ಫೋಟೋ.

ಗೋಕರ್ಣದಲ್ಲಿ ಹಿಡಿದ ಅಲೆಯ ಸದ್ದು ನನ್ನ ಬಳಿ ಇತ್ತು, ತುಂಬಾ ಚೆಂದ ಬಂದಿತ್ತು. ಹಾಕಲಿಲ್ಲ. ಅಳಿವೆಯೊಳಗೆ ಕಡಲಿನ ಆ ಮೊರೆತ ಇರುವುದಿಲ್ಲ, ಅಲ್ಲಿನವರಿಗೆ ಒಂದು ಕ್ಷಣದಲ್ಲಿ ಸುಳ್ಳು ಗೊತ್ತಾಗುತ್ತದೆ. ಹಿನ್ನೆಲೆ ಸಂಗೀತವೂ ಬೇಡ ಅನ್ನುತ್ತೇನೆ. ಸಬ್‌ಟೈಟಲ್ ಹಾಕುವಾಗ ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. “ಎಂತ” ಎಂದದ್ದು “ಎಂತ” ಎಂದೇ ಇರಲಿ.

ಮೊದಲ ಪ್ರದರ್ಶನ ಅವರ ಅಂಗಳದಲ್ಲಿ

ಕಾಲೇಜಿಗೆ ಕೊಡುವ ಮೊದಲು ಅಕ್ಕನ ಮನೆಗೆ ಹೋದೆ. ಮೊಬೈಲನ್ನು ತುಳಸಿಕಟ್ಟೆಗೆ ಒರಗಿಸಿ ಹಚ್ಚಿದೆ. ಅಕ್ಕಪಕ್ಕದ ಮನೆಯವರೂ ಬಂದು ನಿಂತರು. ಎರಡು ತಿದ್ದುಪಡಿ ಬಂತು. ನಾನು ಒಂದು ಕಡೆ ‘ಚಿಪ್ಪಿಕಲ್ಲು’ ಎಂದು ಬರೆದಿದ್ದೆ. “ನಾವು ಹಂಗೆ ಹೇಳುದಿಲ್ಲ, ಬಳಚು ಅಂತ ಬರಿ” ಎಂದರು. ಒದ್ದೆ ಸೀರೆಯಲ್ಲಿ ದಡ ಹತ್ತುವ ಒಂದು ಫೋಟೋ ಕಥೆಯಲ್ಲಿ ಬೇಡ ಎಂದರು. ನನಗೆ ಅದು ಇಡೀ ಕಥೆಯಲ್ಲೇ ಇಷ್ಟದ ಫೋಟೋ. ಅಲ್ಲೇ ತೆಗೆದುಹಾಕಿದೆ. ಆ ಐದು ಸೆಕೆಂಡಿಗೆ ಈಗ ಖಾಲಿ ನೀರು ಇದೆ, ಹಿಂದಿನಿಂದ ಬಳಚು ತೊಳೆಯುವ ಸದ್ದು ಕೇಳಿಸುತ್ತದೆ.